ಅಪ್ಪಣೆ ಕೊಡಲಾರದ ನಾಯಕ: ಡೆಬಿಯನ್ ಸಮುದಾಯದ ಚುನಾವಣೆ

ಪದವಿಯೊಂದು ತೆರವಾಯಿತೆಂದರೆ ಅದಕ್ಕಾಗಿ ಹತ್ತಾರು ಮಂದಿ ಹಾತೊರೆಯುವುದು ಲೋಕರೂಢಿ. ಊರಿನ ಸಹಕಾರ ಸಂಘವಾಗಲಿ, ಕಾಲೇಜಿನ ವಿದ್ಯಾರ್ಥಿಸಂಘವಾಗಲಿ, ಅಧ್ಯಕ್ಷಸ್ಥಾನಕ್ಕೆ ಉಮೇದುವಾರರ ಕೊರತೆ ಬೀಳುವುದು ಅಪರೂಪ. ಆದರೆ 2019ರ ಮಾರ್ಚ್ ತಿಂಗಳಿನಲ್ಲಿ ಒಂದು ವಿಚಿತ್ರ ಸಂಗತಿ ನಡೆಯಿತು. ಜಗತ್ತಿನ ನಾನಾ ದೇಶಗಳಲ್ಲಿ ಹರಡಿಕೊಂಡಿರುವ, ಸುಮಾರು ಒಂದು ಸಾವಿರ ಸದಸ್ಯರುಳ್ಳ ಸಮುದಾಯವೊಂದರಲ್ಲಿ ನಾಯಕಸ್ಥಾನದ ಚುನಾವಣೆಗಾಗಿ ಉಮೇದುವಾರರನ್ನು ಆಹ್ವಾನಿಸಲಾಯಿತು. ನಿಗದಿಯಾಗಿದ್ದ ಒಂದು ವಾರ ಕಳೆಯಿತು. ಒಬ್ಬರೂ ಮುಂದೆ ಬರಲಿಲ್ಲ.

ಈ ಸಮುದಾಯದ ಹೆಸರು ಡೆಬಿಯನ್. ಅದರ ಮುಂದಾಳುತನ ಆ ವಾರ ಯಾರಿಗೂ ಏತಕ್ಕೆ ಬೇಡವಾಯಿತು? ಬೇಕೆಂದು ಮುಂದೆ ಬಂದವರಲ್ಲಿ ಒಬ್ಬರನ್ನು ಅಲ್ಲಿ ಹೇಗೆ ಆರಿಸುತ್ತಾರೆ? ಈ ಎರಡು ಪ್ರಶ್ನೆಗಳನ್ನು ನಾವು ಈ ಲೇಖನದಲ್ಲಿ ಪರಿಶೀಲಿಸೋಣ. ಎರಡನೆಯ ಪ್ರಶ್ನೆಯಲ್ಲಿ ಸ್ವಲ್ಪ ಗಣಿತವೂ ಸೇರಿದೆ. ಆದರೆ ಕೂಡುವ ಲೆಕ್ಕ ಬಲ್ಲವರು ಯಾರೂ ಅಂಜಬೇಕಾಗಿಲ್ಲ.

ಡೆಬಿಯನ್ ಎಂದರೇನು?

ಗಣಕಯಂತ್ರವು ತಾನಾಗಿ ಏನನ್ನೂ ಮಾಡಲಾರದು. ಅದಕ್ಕೆ ಹೆಜ್ಜೆಹೆಜ್ಜೆಗೂ ಸೂಚನೆ ಬೇಕು. ಇಂಥ ಸೂಚನೆಗಳ ಸಮೂಹವೇ ತಂತ್ರಾಂಶ. ಮನುಷ್ಯರು ಓದಿ ತಿದ್ದಬಹುದಾದ ರೂಪದಲ್ಲಿರುವ ಸೂಚನೆಗಳಿಗೆ ಮೂಲಸಂಕೇತವೆಂದು ಹೆಸರು. ಅನೇಕ ಕಂಪೆನಿಗಳು ಈ ಮೂಲಸಂಕೇತವನ್ನು ಗುಟ್ಟಾಗಿಟ್ಟು, ಯಂತ್ರಕ್ಕೆ ಮಾತ್ರ ಅರ್ಥವಾಗುವ ರೂಪವನ್ನು ಮಾರುತ್ತವೆ. ಮುಕ್ತ ತಂತ್ರಾಂಶದ ಮಾರ್ಗ ಬೇರೆ. ಅಲ್ಲಿ ಮೂಲಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು.

ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಇಯಾನ್ ಮರ್ಡಾಕ್ ಎಂಬ ತರುಣರು 1993ರ ಆಗಸ್ಟ್ 16ರಂದು ಹೊಸದೊಂದು ಯೋಜನೆಯನ್ನು ಪ್ರಕಟಿಸಿದರು. ಫಿನ್ಲೆಂಡಿನ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ್ದ ಲಿನಕ್ಸ್ ಎಂಬ ತಿರುಳಿನ ಸುತ್ತ, ಅಲ್ಲಲ್ಲಿ ಚದರಿಹೋಗಿದ್ದ ಮುಕ್ತ ತಂತ್ರಾಂಶಗಳನ್ನೆಲ್ಲ ಪರೀಕ್ಷಿಸಿ, ಒಂದಕ್ಕೊಂದು ಹೊಂದಿಸಿ, ಒಂದೇ ಕಟ್ಟಾಗಿ ಜನರ ಕೈಗೆ ಕೊಡಬೇಕೆಂಬುದು ಅವರ ಉದ್ದೇಶ. ಮುಂದೆ ತಮ್ಮ ಪತ್ನಿಯಾದ ಡೆಬ್ರಾ ಅವರ ಹೆಸರನ್ನೂ ತಮ್ಮ ಹೆಸರನ್ನೂ ಕೂಡಿಸಿ ಅವರು ಅದಕ್ಕೆ ಡೆಬಿಯನ್ ಎಂದು ನಾಮಕರಣ ಮಾಡಿದರು. ಇಂದು ಹಲವು ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಕಾಣುವ ಉಬುಂಟು ವ್ಯವಸ್ಥೆಯು 2004ರಲ್ಲಿ ಹುಟ್ಟಿದ್ದು ಡೆಬಿಯನ್ನಿನ ತಳಹದಿಯ ಮೇಲೆಯೇ. ಡೆಬಿಯನ್ನನ್ನು ಯಂತ್ರದಲ್ಲಿ ನೆಲೆಗೊಳಿಸುವಾಗ ಕಾಣಿಸುವ ಸೂಚನೆಗಳು ಕನ್ನಡಕ್ಕೂ ಅನುವಾದವಾಗಿವೆ.

ಮೊದಲ ಕೆಲವು ವರ್ಷ ಸ್ಥಾಪಕರೇ ನಾಯಕರಾಗಿದ್ದರು. 1996ರಲ್ಲಿ ಬ್ರೂಸ್ ಪೆರೆನ್ಸ್, 1998ರಲ್ಲಿ ಇಯಾನ್ ಜ್ಯಾಕ್ಸನ್ ಆ ಹೊಣೆಯನ್ನು ಹೊತ್ತರು. ಸದಸ್ಯರ ಸಂಖ್ಯೆ ಬೆಳೆದಂತೆ ಬಾಯಿಮಾತಿನ ಏರ್ಪಾಡು ಸಾಲದಾಯಿತು. 1998ರ ಡಿಸೆಂಬರಿನಲ್ಲಿ ಸಮುದಾಯವು ಲಿಖಿತ ಸಂವಿಧಾನವೊಂದನ್ನು ಅಂಗೀಕರಿಸಿತು. ಅಂದಿನಿಂದ ನಾಯಕರನ್ನು ವರ್ಷಕ್ಕೊಮ್ಮೆ ಸದಸ್ಯರೇ ಆರಿಸುತ್ತ ಬಂದಿದ್ದಾರೆ. ಎಲ್ಲ ಸಮುದಾಯಗಳೂ ಈ ಹಾದಿಯನ್ನು ಇಷ್ಟು ಬೇಗ ಹಿಡಿಯಲಿಲ್ಲ. ಪೈಥಾನ್ ಭಾಷೆಯ ಸಮುದಾಯವು 2018ರವರೆಗೂ ಅದರ ಕರ್ತೃ ಗಿಡೋ ವಾನ್ ರೋಸಮ್ ಅವರ ಕೊನೆಯ ಮಾತಿಗೆ ತಲೆಬಾಗುತ್ತಿತ್ತು. ಅವರು ಆ ವರ್ಷ ನಿವೃತ್ತರಾದ ಮೇಲೆಯೇ, 2019ರಲ್ಲಿ, ಐವರ ಚುನಾಯಿತ ಮಂಡಲಿ ಅಲ್ಲಿ ಏರ್ಪಟ್ಟಿತು.

ಕೈಕಟ್ಟಿದ ಅಧಿಕಾರ

ಡೆಬಿಯನ್ನಿನ ಸಂವಿಧಾನದಲ್ಲಿ ಒಂದು ಮೂಲತತ್ತ್ವವುಂಟು. ಸಮುದಾಯಕ್ಕಾಗಿ ಕೆಲಸ ಮಾಡಬೇಕೆಂಬ ಕಟ್ಟುಪಾಡು ಯಾವ ಸದಸ್ಯನಿಗೂ ಇಲ್ಲ. ಒಪ್ಪಿಸಿದ ಕೆಲಸ ಬೇಡವೆನಿಸಿದರೆ ಅದನ್ನು ಮಾಡದೆ ಇರಬಹುದು. ಆದರೆ ನಿಯಮಕ್ಕೆ ಅನುಸಾರವಾದ ತೀರ್ಮಾನಗಳಿಗೆ ಅಡ್ಡಗಾಲು ಹಾಕುವಂತಿಲ್ಲ. ಎಲ್ಲರೂ ಸ್ವಯಂಸೇವಕರಾಗಿರುವಲ್ಲಿ ಇದಕ್ಕಿಂತ ಬೇರೆ ನಿಯಮ ಸಾಧ್ಯವೂ ಅಲ್ಲ.

ಹಾಗಾದರೆ ನಾಯಕರು ಮಾಡುವುದೇನು? ಕೆಲವು ಕೆಲಸಗಳಿಗೆ ಪ್ರತಿನಿಧಿಗಳನ್ನು ನೇಮಿಸುತ್ತಾರೆ. ತುರ್ತಾಗಿ ಆಗಬೇಕಾದ ನಿರ್ಣಯಗಳನ್ನೂ, ಬೇರೆ ಯಾರ ಹೊಣೆಗೂ ಸೇರದ ನಿರ್ಣಯಗಳನ್ನೂ ಕೈಗೊಳ್ಳುತ್ತಾರೆ. ಸಮುದಾಯದ ಹಣ ಹೇಗೆ ವೆಚ್ಚವಾಗಬೇಕೆಂಬುದಕ್ಕೆ ಒಪ್ಪಿಗೆ ಕೊಡುತ್ತಾರೆ. ಹೊರಗಿನವರೊಡನೆ ಸಮುದಾಯದ ಪರವಾಗಿ ಮಾತನಾಡುತ್ತಾರೆ. ತಮ್ಮ ತೀರ್ಮಾನವು ಸದಸ್ಯರ ಸಾಮಾನ್ಯ ಅಭಿಪ್ರಾಯಕ್ಕೆ ಹೊಂದುವಂತೆ ನೋಡಿಕೊಳ್ಳಬೇಕೆಂದೂ, ಸ್ವಂತ ಅಭಿಮತಕ್ಕೆ ಹೆಚ್ಚು ಒತ್ತು ಕೊಡಬಾರದೆಂದೂ ಸಂವಿಧಾನ ಅವರಿಗೆ ಬುದ್ಧಿ ಹೇಳುತ್ತದೆ. ಸದಸ್ಯರು ಒಟ್ಟುಗೂಡಿ ಮತ ಹಾಕಿ ನಾಯಕರ ತೀರ್ಮಾನವನ್ನು ತಳ್ಳಿಹಾಕಬಹುದು. ಅವರನ್ನು ಪದವಿಯಿಂದ ಇಳಿಸಲೂಬಹುದು. ಇಷ್ಟೆಲ್ಲ ದುಡಿಮೆಗೆ ಸಂಬಳವಿಲ್ಲ.

2019ರಲ್ಲಿ ಒಂದು ವಾರ ಯಾರೂ ಮುಂದೆ ಬಾರದಿದ್ದುದು ಈಗ ಅಷ್ಟೇನೂ ಸೋಜಿಗವೆನಿಸದು. ಮನೆ, ಉದ್ಯೋಗ, ಮಕ್ಕಳು ಇವುಗಳ ನಡುವೆ ಬಿಡುವು ಮಾಡಿಕೊಂಡು, ಆಜ್ಞಾಶಕ್ತಿಯಿಲ್ಲದೆ, ಮನವೊಲಿಕೆಯೊಂದರಿಂದಲೇ ಸಾವಿರ ಜನರ ಕೆಲಸವನ್ನು ಹೊಂದಿಸುವ ಹೊರೆಯದು. ಆದರೂ ಆ ಸ್ಥಾನ ಬರಿದಾಗಿ ಉಳಿಯಲಿಲ್ಲ. ಉಮೇದುವಾರರೇ ಇಲ್ಲದಿದ್ದರೆ ಅವಧಿಯನ್ನು ಒಂದು ವಾರ ಮುಂದುವರಿಸಬೇಕೆಂದು ನಿಯಮವಿದೆ. ಆ ಎರಡನೆಯ ವಾರದಲ್ಲಿ ಹಲವರು ಮುಂದೆ ಬಂದರು. ಅವರಲ್ಲಿ ಸ್ಯಾಮ್ ಹಾರ್ಟ್‌ಮನ್ ಎಂಬವರು ಆಯ್ಕೆಯಾದರು.

ಉಮೇದುವಾರರ ಆರು ವಾರ

ಚುನಾವಣೆಗೆ ಒಟ್ಟು ಆರು ವಾರಗಳ ಕಾಲ. ಮೊದಲ ವಾರದಲ್ಲಿ ಯಾವ ಸದಸ್ಯರೇ ಆಗಲಿ ತಮ್ಮ ಹೆಸರನ್ನು ತಾವೇ ಸೂಚಿಸಬಹುದು. ಇನ್ನೊಬ್ಬರ ಹೆಸರನ್ನು ಸೂಚಿಸುವ ಪದ್ಧತಿ ಇಲ್ಲ. ಹೊರೆಯನ್ನು ಹೊರುವವರೇ ಅದನ್ನು ಕೇಳಿ ಪಡೆಯಬೇಕೆಂಬುದು ಇಲ್ಲಿನ ಇಂಗಿತವಿರಬೇಕು. ಉಮೇದುವಾರರು ಒಂದು ಪ್ರಣಾಳಿಕೆಯನ್ನೂ ಬರೆದು ಪ್ರಕಟಿಸುತ್ತಾರೆ. ತಾವು ಯಾರು, ಈವರೆಗೆ ಏನು ಮಾಡಿದ್ದೇವೆ, ಒಂದು ವರ್ಷದಲ್ಲಿ ಏನು ಮಾಡಬೇಕೆಂದಿದ್ದೇವೆ ಎಂಬುದು ಅದರ ವಿಷಯ.

ಬಳಿಕ ಮೂರು ವಾರ ಚರ್ಚೆ. ಸದಸ್ಯರು ಪ್ರಶ್ನೆಗಳ ಮಳೆಗರೆಯುತ್ತಾರೆ. ಉಮೇದುವಾರರು ಎಲ್ಲರ ಎದುರಿನಲ್ಲೇ ಬರಹದಲ್ಲಿ ಉತ್ತರ ಕೊಡುತ್ತಾರೆ. ಹಣವನ್ನು ಯಾವುದಕ್ಕೆ ಬಳಸಬೇಕು? ಹೊಸಬರು ಏಕೆ ಸಾಕಷ್ಟು ಬರುತ್ತಿಲ್ಲ? ಇಬ್ಬರು ಸದಸ್ಯರು ಜಗಳವಾಡಿದರೆ ನಾಯಕರು ಏನು ಮಾಡಬೇಕು? ಇಂಥವೇ ಪ್ರಶ್ನೆಗಳು. ಕೊನೆಯ ಎರಡು ವಾರ ಮತದಾನ.

ಮತ ಹಾಕುವ ಹಕ್ಕು ಸದಸ್ಯರೆಲ್ಲರಿಗೂ ಸಮಾನ. ಅವರನ್ನು ಕೆಲಸಕ್ಕಿಟ್ಟುಕೊಂಡ ಕಂಪೆನಿಗಳಿಗೆ ಮತವಿಲ್ಲ. ಸದಸ್ಯರಾಗಲು ಕ್ರಮವಿಧಿಗಳನ್ನು ಬರೆಯಲೇಬೇಕೆಂಬ ನಿರ್ಬಂಧವೂ ಇಲ್ಲ. ಅನುವಾದ, ಚಿತ್ರರಚನೆ, ಕೈಪಿಡಿಗಳ ಬರವಣಿಗೆ ಮುಂತಾದುವುಗಳಲ್ಲಿ ದುಡಿದವರನ್ನೂ ಪೂರ್ಣ ಸದಸ್ಯರನ್ನಾಗಿ ಸ್ವೀಕರಿಸಬೇಕೆಂದು 2010ರಲ್ಲಿ ಸಮುದಾಯವು ಮತದ ಮೂಲಕ ನಿರ್ಣಯಿಸಿತು.

ಯಾರು ಗೆದ್ದರು?

ಇನ್ನು ಎಣಿಕೆಯ ವಿಚಾರ. ನಮಗೆ ಪರಿಚಿತವಾದ ಪದ್ಧತಿಯಲ್ಲಿ ಮತದಾರನು ಒಬ್ಬನಿಗೆ ಮುದ್ರೆ ಒತ್ತುತ್ತಾನೆ. ಹೆಚ್ಚು ಮತ ಪಡೆದವನು ಗೆಲ್ಲುತ್ತಾನೆ. ಡೆಬಿಯನ್ನಿನಲ್ಲಿ ಮತದಾರರು ಉಮೇದುವಾರರನ್ನೆಲ್ಲ ತಮ್ಮ ಮೆಚ್ಚಿಕೆಯ ಅನುಕ್ರಮದಲ್ಲಿ ಬರೆಯುತ್ತಾರೆ: ಒಂದನೆಯವರು ಇವರು, ಎರಡನೆಯವರು ಅವರು, ಹೀಗೆ. ಇದರಿಂದ ಏನು ಪ್ರಯೋಜನವೆಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯೋಣ.

ಮತದಾರರು 100 ಮಂದಿ; ಉಮೇದುವಾರರು ಕ, ಗ, ಚ ಎಂಬ ಮೂವರು. ಮತಗಳು ಹೀಗೆ ಬಂದಿವೆಯೆಂದು ಇಟ್ಟುಕೊಳ್ಳೋಣ:

42 ಮಂದಿ: ಮೊದಲು ಕ, ಅನಂತರ ಗ, ಕೊನೆಗೆ ಚ.
32 ಮಂದಿ: ಮೊದಲು ಚ, ಅನಂತರ ಗ, ಕೊನೆಗೆ ಕ.
26 ಮಂದಿ: ಮೊದಲು ಗ, ಅನಂತರ ಚ, ಕೊನೆಗೆ ಕ.

ಮೊದಲ ಸ್ಥಾನಗಳನ್ನಷ್ಟೇ ಎಣಿಸಿದರೆ 42 ಮತ ಪಡೆದ ಕ ಗೆದ್ದಂತೆ. ಆದರೆ ಉಳಿದ 58 ಮಂದಿ ಕ ಅವರನ್ನು ಕೊನೆಯ ಸ್ಥಾನಕ್ಕೆ ತಳ್ಳಿದ್ದಾರೆಂಬುದನ್ನು ಗಮನಿಸಿ! ಈಗ ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸಿ ನೋಡೋಣ. ಕ ಮತ್ತು ಗ ಇವರ ನಡುವೆ, ಗ ಅವರನ್ನು ಮೇಲೆ ಬರೆದವರು 58, ಕ ಅವರನ್ನು ಮೇಲೆ ಬರೆದವರು 42. ಆದುದರಿಂದ ಗ ಗೆದ್ದರು. ಗ ಮತ್ತು ಚ ಇವರ ನಡುವೆ, ಗ ಅವರಿಗೆ 42 ಮತ್ತು 26 ಕೂಡಿ 68, ಚ ಅವರಿಗೆ 32. ಇಲ್ಲಿಯೂ ಗ ಅವರದೇ ಜಯ. ಮೊದಲ ಸ್ಥಾನಗಳ ಎಣಿಕೆಯಲ್ಲಿ ಎಲ್ಲರಿಗಿಂತ ಹಿಂದೆ ಬಿದ್ದಿದ್ದ ಗ, ಜೋಡಿಜೋಡಿಯಾಗಿ ನೋಡಿದರೆ ಇಬ್ಬರನ್ನೂ ಸೋಲಿಸಿದ್ದಾರೆ.

ಈ ವಿಧಾನವನ್ನು ವಿವರಿಸಿದವರಲ್ಲಿ ಪ್ರಸಿದ್ಧರು ಫ್ರಾನ್ಸಿನ ಗಣಿತಜ್ಞ ಕೊಂಡೋರ್ಸೆ. ಬಹುಮತದ ತೀರ್ಮಾನಗಳನ್ನು ಕುರಿತ ಅವರ ಪ್ರಬಂಧ 1785ರಲ್ಲಿ ಪ್ರಕಟವಾಯಿತು. ಆಜ್ಞೆ ನಡೆಯದ ಕಡೆ ಈ ವಿಧಾನ ಏಕೆ ಹೊಂದುತ್ತದೆಂಬುದು ಸುಲಭವಾಗಿ ತಿಳಿಯುತ್ತದೆ. ಅರ್ಧಕ್ಕಿಂತ ಹೆಚ್ಚು ಮಂದಿಗೆ ಬೇಡವಾದ ನಾಯಕರು ಸ್ವಯಂಸೇವಕರಿಂದ ಕೆಲಸ ಪಡೆಯುವುದೆಂತು? ಕೆಲವರ ಪರಮಪ್ರಿಯರಿಗಿಂತ ಬಹುಮಂದಿಗೆ ಒಪ್ಪಿಗೆಯಾದವರು ಅಲ್ಲಿ ಹೆಚ್ಚು ಉಪಯುಕ್ತರು.

ನಿಲ್ಲಲು ಹಿಂಜರಿಯುವವರಿಗೂ ಇದರಿಂದ ಒಂದು ಅನುಕೂಲವುಂಟು. ಒಂದೇ ಬಗೆಯ ವಿಚಾರವುಳ್ಳ ಇಬ್ಬರು ನಿಂತರೆ ಸಾಮಾನ್ಯ ಪದ್ಧತಿಯಲ್ಲಿ ಅವರ ಮತಗಳು ಒಡೆದು ಮೂರನೆಯವರಿಗೆ ಲಾಭವಾಗುತ್ತದೆ. ಇಲ್ಲಿಯಾದರೋ ಬೆಂಬಲಿಗರು ಇಬ್ಬರನ್ನೂ ಮೇಲೆ ಬರೆಯಬಹುದು. 'ನೀವು ನಿಂತು ನಮ್ಮವರ ಮತ ಒಡೆಯಬೇಡಿ' ಎಂದು ಯಾರೂ ಯಾರನ್ನೂ ತಡೆಯಬೇಕಾದ ಪ್ರಸಂಗವಿಲ್ಲ.

ಚಕ್ರದ ತೊಡಕು

ಆದರೆ ಈ ವಿಧಾನದಲ್ಲಿಯೂ ಒಂದು ತೊಡಕು ಅಡಗಿದೆ. ಅದನ್ನು ಕಂಡವರೂ ಕೊಂಡೋರ್ಸೆಯವರೇ. ಅದೇ 100 ಮಂದಿ ಹೀಗೆ ಮತ ಹಾಕಿದರೆನ್ನೋಣ:

45 ಮಂದಿ: ಕ, ಗ, ಚ.
30 ಮಂದಿ: ಗ, ಚ, ಕ.
25 ಮಂದಿ: ಚ, ಕ, ಗ.

ಲೆಕ್ಕ ಹಾಕಿ ನೋಡಿ. ಕ ಅವರು ಗ ಅವರನ್ನು 70ಕ್ಕೆ 30ರಂತೆ ಸೋಲಿಸುತ್ತಾರೆ. ಗ ಅವರು ಚ ಅವರನ್ನು 75ಕ್ಕೆ 25ರಂತೆ ಸೋಲಿಸುತ್ತಾರೆ. ಹಾಗಾದರೆ ಕ ಅವರು ಚ ಅವರನ್ನು ಸೋಲಿಸಬೇಕಲ್ಲವೆ? ಇಲ್ಲ! ಚ ಅವರೇ ಕ ಅವರನ್ನು 55ಕ್ಕೆ 45ರಂತೆ ಸೋಲಿಸುತ್ತಾರೆ. ಮೂವರಲ್ಲಿ ಪ್ರತಿಯೊಬ್ಬರೂ ಒಬ್ಬರನ್ನು ಗೆದ್ದು ಇನ್ನೊಬ್ಬರಿಗೆ ಸೋತಿದ್ದಾರೆ. ಒಬ್ಬೊಬ್ಬ ಮತದಾರನ ಆಯ್ಕೆಯೂ ತರ್ಕಬದ್ಧವಾಗಿದ್ದರೂ ಎಲ್ಲರ ಆಯ್ಕೆಯನ್ನು ಕೂಡಿಸಿದಾಗ ಗಾಣದ ಎತ್ತಿನಂತೆ ಸುತ್ತುತ್ತಲೇ ಇರಬೇಕಾಗುತ್ತದೆ.

ಇಂಥ ತೊಡಕುಗಳು ಆಕಸ್ಮಿಕವಲ್ಲ. ಕೆಲವು ಸಹಜವಾದ ನಿಬಂಧನೆಗಳನ್ನು ಮುಂದಿಟ್ಟು, ಮೂರು ಅಥವಾ ಹೆಚ್ಚು ಉಮೇದುವಾರರಿರುವಲ್ಲಿ ಅವನ್ನೆಲ್ಲ ಒಟ್ಟಿಗೆ ಪಾಲಿಸುವ ಅನುಕ್ರಮ ಪದ್ಧತಿ ಯಾವುದೂ ಇರಲಾರದೆಂದು ಅಮೆರಿಕದ ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1951ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಸಾಧಿಸಿ ತೋರಿಸಿದರು. ದೋಷವೇ ಇಲ್ಲದ ಚುನಾವಣಾ ಪದ್ಧತಿಯನ್ನು ಹುಡುಕುವುದು ವ್ಯರ್ಥ. ದೋಷ ಎಲ್ಲಿದೆಯೆಂದು ತಿಳಿದು, ಅದು ತಲೆದೋರಿದಾಗ ಏನು ಮಾಡಬೇಕೆಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳುವುದೇ ವಿವೇಕ.

ಡೆಬಿಯನ್ ಹಾಗೆಯೇ ಮಾಡಿತು. 2003ರಲ್ಲಿ ಸಂವಿಧಾನವನ್ನು ತಿದ್ದಿ, ಜರ್ಮನಿಯ ಮಾರ್ಕುಸ್ ಶುಲ್ಟ್ಸೆ ರೂಪಿಸಿದ ವಿಧಾನವನ್ನು ಅಳವಡಿಸಿಕೊಂಡಿತು. ಅದರ ಸಾರವಿಷ್ಟು: ಚಕ್ರ ಉಂಟಾದರೆ ಅದರಲ್ಲಿ ಅತ್ಯಂತ ದುರ್ಬಲವಾದ ಗೆಲುವನ್ನು ತೆಗೆದುಹಾಕಬೇಕು. ನಮ್ಮ ಉದಾಹರಣೆಯಲ್ಲಿ 75, 70, 55 ಎಂಬ ಮೂರು ಗೆಲುವುಗಳಿವೆ. ಇವುಗಳಲ್ಲಿ 55ರದು ದುರ್ಬಲ. ಕ ಅವರ ಮೇಲೆ ಚ ಪಡೆದ ಆ ಗೆಲುವನ್ನು ಬಿಟ್ಟರೆ ಕ ಅವರನ್ನು ಸೋಲಿಸಿದವರು ಯಾರೂ ಉಳಿಯುವುದಿಲ್ಲ. ಕ ಅವರೇ ಆಯ್ಕೆಯಾಗುತ್ತಾರೆ.

'ಮೇಲಿನ ಯಾರೂ ಬೇಡ'

ಮತಪತ್ರದಲ್ಲಿ ಉಮೇದುವಾರರ ಹೆಸರುಗಳ ಜೊತೆಗೆ ಯಾವಾಗಲೂ ಇನ್ನೊಂದು ಸಾಲು ಇರುತ್ತದೆ: 'ಮೇಲಿನ ಯಾರೂ ಬೇಡ'. ನಮ್ಮ ದೇಶದ ಚುನಾವಣೆಗಳಲ್ಲಿಯೂ 2013ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ 'ನೋಟಾ' ಎಂಬ ಗುಂಡಿ ಬಂದಿದೆ. ಆದರೆ ಲೋಕಸಭೆ, ವಿಧಾನಸಭೆಗಳ ಚುನಾವಣೆಗಳಲ್ಲಿ ನೋಟಾಕ್ಕೆ ಎಷ್ಟೇ ಮತ ಬಿದ್ದರೂ ಉಮೇದುವಾರರಲ್ಲಿ ಮುಂದಿರುವವರೇ ಗೆಲ್ಲುತ್ತಾರೆ. ಡೆಬಿಯನ್ನಿನಲ್ಲಿ ಆ ಸಾಲಿಗೆ ನಿಜವಾದ ಬಲವುಂಟು. ಅದನ್ನೂ ಒಬ್ಬ ಉಮೇದುವಾರನಂತೆಯೇ ಅನುಕ್ರಮದಲ್ಲಿ ಸೇರಿಸಿ ಬರೆಯುತ್ತಾರೆ. ಅದನ್ನು ಸೋಲಿಸಲಾರದ ಉಮೇದುವಾರರು ಎಣಿಕೆಯಿಂದಲೇ ಹೊರಗೆ. ಆ ಸಾಲೇ ಗೆದ್ದರೆ ಚುನಾವಣೆಯನ್ನು ಮತ್ತೆ ನಡೆಸಬೇಕು.

ನಮ್ಮ ಮೊದಲ ಉದಾಹರಣೆಗೆ ಮರಳೋಣ. ಕ ಅವರನ್ನು ಕೊನೆಗೆ ಬರೆದ 58 ಮಂದಿಯೂ ಅವರನ್ನು ಈ ಸಾಲಿಗಿಂತ ಕೆಳಗೆ ಇಟ್ಟಿದ್ದರೆ, 42 ಪ್ರಥಮ ಮತಗಳ ಒಡೆಯರಾದ ಕ ಅವರು ಸ್ಪರ್ಧೆಯಲ್ಲಿಯೇ ಉಳಿಯುತ್ತಿರಲಿಲ್ಲ!

ಅವಿರೋಧ ಆಯ್ಕೆ ಎಂಬುದೂ ಇಲ್ಲಿ ಇಲ್ಲ. 2011, 2016, 2023ರ ಚುನಾವಣೆಗಳಲ್ಲಿ ಒಬ್ಬೊಬ್ಬರೇ ಉಮೇದುವಾರರಿದ್ದರು. ಆದರೂ ಮತದಾನ ನಡೆಯಿತು. ಅವರು ಆ ಸಾಲಿನೊಡನೆ ಸ್ಪರ್ಧಿಸಿ ಗೆಲ್ಲಬೇಕಾಯಿತು. ಇದರ ಮೇಲೆ ಕನಿಷ್ಠ ಬೆಂಬಲದ ನಿಯಮವೂ ಉಂಟು. ಸದಸ್ಯರ ಸಂಖ್ಯೆಯ ವರ್ಗಮೂಲವನ್ನು ತೆಗೆದು, ಅದನ್ನು ಅರ್ಧಿಸಿ, ಮೂರರಿಂದ ಗುಣಿಸಬೇಕು. ಸದಸ್ಯರು 1000 ಎಂದಾದರೆ ವರ್ಗಮೂಲ ಸುಮಾರು 31.62, ಅರ್ಧ 15.81, ಮೂರು ಪಟ್ಟು 47.43. ಎಂದರೆ ಕಡಮೆಯೆಂದರೂ 48 ಮಂದಿ ಆ ಉಮೇದುವಾರರನ್ನು 'ಯಾರೂ ಬೇಡ' ಎಂಬುದಕ್ಕಿಂತ ಮೇಲೆ ಬರೆದಿರಬೇಕು.

ಗುಟ್ಟೂ ಉಂಟು, ಲೆಕ್ಕವೂ ಉಂಟು

ಮತವು ಗುಪ್ತವಾಗಿರಬೇಕು, ಆದರೆ ಎಣಿಕೆ ಸರಿಯಾಗಿದೆಯೆಂದು ಎಲ್ಲರಿಗೂ ನಂಬಿಕೆ ಬರಬೇಕು. ಇವೆರಡನ್ನೂ ಸಾಧಿಸುವುದು ಹೇಗೆ? ಸದಸ್ಯರು ತಮ್ಮ ಮತಕ್ಕೆ ಗೂಢಲಿಪಿಯ ಕೀಲಿಯಿಂದ ಸಹಿ ಹಾಕಿ ಕಳುಹಿಸುತ್ತಾರೆ. ಆದುದರಿಂದ ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಮತ ಹಾಕುವಂತಿಲ್ಲ. ಮತ ತಲಪಿದಾಗ ಅವರಿಗೆ ಒಂದು ಗುಪ್ತ ಅಕ್ಷರಮಾಲೆ ಬರುತ್ತದೆ. ಸದಸ್ಯರ ಗುರುತನ್ನೂ ಆ ಅಕ್ಷರಮಾಲೆಯನ್ನೂ ಕೂಡಿಸಿ 'ಹ್ಯಾಶ್' ಎಂಬ ಗಣಿತಕ್ರಿಯೆಗೆ ಒಳಪಡಿಸಿದರೆ ಬೆರಳಚ್ಚಿನಂಥ ಒಂದು ಸಂಕೇತ ಸಿಗುತ್ತದೆ. ಹಿಟ್ಟಿನಿಂದ ಕಾಳನ್ನು ಮರಳಿ ಪಡೆಯಲಾಗದಂತೆ ಈ ಸಂಕೇತದಿಂದ ಹೆಸರನ್ನು ಹೊರತೆಗೆಯಲಾಗದು. ಚುನಾವಣೆ ಮುಗಿದ ಮೇಲೆ ಸಂಕೇತಗಳನ್ನೂ ಅವುಗಳ ಎದುರಿಗೆ ಮತಗಳನ್ನೂ ಪಟ್ಟಿಮಾಡಿ ಪ್ರಕಟಿಸುತ್ತಾರೆ. ತನ್ನ ಸಂಕೇತವನ್ನು ಬಲ್ಲ ಸದಸ್ಯ ತನ್ನ ಮತ ಸರಿಯಾಗಿ ಸೇರಿದೆಯೆ ಎಂದು ನೋಡಿಕೊಳ್ಳಬಹುದು. ಪಟ್ಟಿಯನ್ನು ಹಿಡಿದು ಯಾರು ಬೇಕಾದರೂ ಎಣಿಕೆಯನ್ನು ಮೊದಲಿನಿಂದ ಮಾಡಿ ನೋಡಬಹುದು.

ಸೋಲು ವ್ಯರ್ಥವಲ್ಲ

ನಿಂತವರಲ್ಲಿ ಒಬ್ಬರಷ್ಟೇ ಗೆಲ್ಲುವುದು ಸಹಜ. ದಕ್ಷಿಣ ಆಫ್ರಿಕದ ಜೊನಾಥನ್ ಕಾರ್ಟರ್ 2019ರಲ್ಲಿ ಸೋತರು. 2020ರಲ್ಲಿ ಮತ್ತೆ ನಿಂತು ಗೆದ್ದರು. 2023ರವರೆಗೆ ವರ್ಷವರ್ಷವೂ ಪುನರಾಯ್ಕೆಯಾದರು. 2024ರಲ್ಲಿ ಜರ್ಮನಿಯ ಆಂಡ್ರಿಯಾಸ್ ಟಿಲ್ಲೆ ಅವರ ಸ್ಥಾನಕ್ಕೆ ಬಂದರು. ನಮ್ಮ ನೆರೆಯ ಕೇರಳದವರಾದ ಶ್ರುತಿ ಚಂದ್ರನ್ 2020, 2021, 2024ರ ಚುನಾವಣೆಗಳಲ್ಲಿ ನಿಂತಿದ್ದರು. ಆ ಮೂರರಲ್ಲಿಯೂ ಅವರು ಗೆಲ್ಲಲಿಲ್ಲ. ಆದರೆ ಸಮುದಾಯದಲ್ಲಿ ಸ್ತ್ರೀಯರೂ ಬೇರೆ ಬೇರೆ ಪ್ರದೇಶಗಳ ಜನರೂ ಏತಕ್ಕೆ ಇಷ್ಟು ವಿರಳವೆಂಬ ಪ್ರಶ್ನೆಯನ್ನು ಚುನಾವಣೆಯ ಚರ್ಚೆಯಲ್ಲಿ ಎಲ್ಲರೆದುರು ಇಟ್ಟರು. ಉಮೇದುವಾರಿಕೆಯಿಂದ ಇಂಥ ಕೆಲಸವೂ ಆಗುತ್ತದೆ. 2023ರ ಸೆಪ್ಟೆಂಬರಿನಲ್ಲಿ ಡೆಬಿಯನ್ನಿನ ವಾರ್ಷಿಕ ಸಮ್ಮೇಳನವು ಕೇರಳದ ಕೊಚ್ಚಿಯಲ್ಲಿಯೇ ನೆರೆಯಿತು.

ವಿದ್ಯಾರ್ಥಿಗಳು ಈ ಎಣಿಕೆಯನ್ನು ತಮ್ಮ ತರಗತಿಯಲ್ಲಿಯೇ ಪ್ರಯೋಗ ಮಾಡಿ ನೋಡಬಹುದು. ಪ್ರವಾಸಕ್ಕೆ ಹಳೇಬೀಡೋ ಜೋಗವೋ ಹಂಪೆಯೋ ಎಂಬ ಪ್ರಶ್ನೆ ಬಂದಾಗ ಎಲ್ಲರೂ ಮೂರನ್ನೂ 'ಯಾವುದೂ ಬೇಡ' ಎಂಬ ನಾಲ್ಕನೆಯದನ್ನೂ ಅನುಕ್ರಮವಾಗಿ ಚೀಟಿಯಲ್ಲಿ ಬರೆಯಲಿ. ಮೊದಲು ಪ್ರಥಮ ಸ್ಥಾನಗಳನ್ನು ಮಾತ್ರ ಎಣಿಸಿ. ಅನಂತರ ಎರಡೆರಡನ್ನು ಜೋಡಿಸಿ ಎಣಿಸಿ. ಎರಡು ಎಣಿಕೆಗಳಿಂದಲೂ ಒಂದೇ ಉತ್ತರ ಬಂತೆ? ಬಾರದಿದ್ದರೆ ಏಕೆ ಬರಲಿಲ್ಲವೆಂದು ಚೀಟಿಗಳನ್ನೇ ಕೇಳಿ.

ಗಣಿತವು ಇಷ್ಟೆಲ್ಲ ಮಾಡಬಲ್ಲದು. ನಿಂತವರಲ್ಲಿ ಹೆಚ್ಚು ಮಂದಿಗೆ ಒಪ್ಪಿಗೆಯಾದವರನ್ನು ಅದು ಹುಡುಕಿಕೊಡುತ್ತದೆ. ಯಾರೂ ಒಪ್ಪಿಗೆಯಾಗದಿದ್ದರೆ ಅದನ್ನೂ ತಿಳಿಸುತ್ತದೆ. ಆದರೆ ನಿಲ್ಲುವವರನ್ನು ಅದು ಹುಟ್ಟಿಸಲಾರದು. 2019ರ ಆ ಬರಿಯ ವಾರದಲ್ಲಿ ಎಣಿಕೆಯ ಯಂತ್ರ ಸಿದ್ಧವಾಗಿಯೇ ಇತ್ತು, ಎಣಿಸಲು ಹೆಸರಿರಲಿಲ್ಲ. ಎರಡನೆಯ ವಾರದಲ್ಲಿ ಯಾರ ಬಲವಂತವೂ ಇಲ್ಲದೆ ಕೆಲವರು 'ನಾನು ನಿಲ್ಲುತ್ತೇನೆ' ಎಂದು ಬರೆದು ಕಳುಹಿಸಿದ ಮೇಲೆಯೇ ಆ ಯಂತ್ರಕ್ಕೆ ಕೆಲಸ ಸಿಕ್ಕಿತು.